ನಿವೃತ್ತಿ ಖಾತೆಗೆ ಮಿತಿ ಮೀರಿ ಹಣ ಹೋಗಿದೆಯೇ? ರಿಟರ್ನ್ ಸಲ್ಲಿಸುವ ಮುಂಚೆ ಸರಿಪಡಿಸಿಕೊಳ್ಳಿ

ಅಮೆರಿಕದಲ್ಲಿ ದುಡಿಯುವ ಕನ್ನಡಿಗರ ಮನೆಗಳಿಗೆ ಜನವರಿ ಕೊನೆಯ ಹೊತ್ತಿಗೆ ಕಂಪನಿಯಿಂದ ಡಬ್ಲ್ಯು-2 ಬರುತ್ತದೆ. ಹೆಚ್ಚಿನವರು ಅದರಲ್ಲಿ ನೋಡುವುದು ಎರಡೇ ಅಂಕಿ: ಸಂಬಳ ಎಷ್ಟು, ಹಿಡಿದ ತೆರಿಗೆ ಎಷ್ಟು. ಉಳಿದದ್ದನ್ನೆಲ್ಲ ತೆರಿಗೆ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಎಂಬ ಧೈರ್ಯ. ಅಷ್ಟರಲ್ಲಿ ವರ್ಷದ ನಡುವೆ ಕೆಲಸ ಬದಲಿಸಿದವರು, ಬೋನಸ್ ನಿರೀಕ್ಷೆಗಿಂತ ಹೆಚ್ಚು ಬಂದವರು, ಡಿಸೆಂಬರ್‌ನಲ್ಲಿ ಊರಿಗೆ ಹೋಗಿ ಮದುವೆಯಾಗಿ ಬಂದವರು ತಮಗೇ ಗೊತ್ತಿಲ್ಲದೆ ಒಂದು ತೊಡಕಿಗೆ ಸಿಕ್ಕಿಕೊಂಡಿರುತ್ತಾರೆ. ನಿವೃತ್ತಿ ಖಾತೆಗೆ ಕಾನೂನು ಒಪ್ಪುವುದಕ್ಕಿಂತ ಹೆಚ್ಚು ಹಣ ಹೋಗಿರುತ್ತದೆ.

ಇದು ಅಪರಾಧವೇನೂ ಅಲ್ಲ. ಸರಿಪಡಿಸುವ ದಾರಿಯನ್ನು ಕಾನೂನೇ ಹಾಕಿಕೊಟ್ಟಿದೆ. ಆದರೆ ಆ ದಾರಿಯಲ್ಲಿ ಎಲ್ಲವೂ ದಿನಾಂಕದ ಮೇಲೆ ನಿಂತಿದೆ. ಗಡುವಿನೊಳಗೆ, ಸರಿಯಾದ ಹೆಸರು ಹೇಳಿ ಹಣ ವಾಪಸ್ ತೆಗೆದರೆ ಖರ್ಚಾಗುವುದು ಅಲ್ಪಸ್ವಲ್ಪ ತೆರಿಗೆ. ಗಡುವು ದಾಟಿದರೆ ಒಂದು ಬಗೆಯ ಖಾತೆಗೆ ಪ್ರತಿ ವರ್ಷ ಶೇ. 6ರ ದಂಡ, ಇನ್ನೊಂದಕ್ಕೆ ಅದೇ ಹಣದ ಮೇಲೆ ಎರಡೆರಡು ಸಲ ತೆರಿಗೆ. 401ಕೆ ಮತ್ತು ಐಆರ್‌ಎ ಎರಡನ್ನೂ ನಾವು ‘ರಿಟೈರ್‌ಮೆಂಟ್ ಅಕೌಂಟ್’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಮಿತಿ ಮೀರಿದಾಗ ಮಾತ್ರ ಇವೆರಡರ ನಿಯಮ, ಗಡುವು, ದಂಡ ಎಲ್ಲವೂ ಬೇರೆ ಬೇರೆ. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಿ ಕೆಟ್ಟವರೇ ಹೆಚ್ಚು. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿಯೇ ನೋಡೋಣ. ಇಲ್ಲಿನ ಲೆಕ್ಕಗಳು 2025ರ ತೆರಿಗೆ ವರ್ಷದವು, ಅಂದರೆ 2026ರ ಏಪ್ರಿಲ್ 15ರೊಳಗೆ ಸಲ್ಲಿಸುವ ರಿಟರ್ನ್‌ಗೆ ಸಂಬಂಧಿಸಿದವು.

ಎರಡು ಡಬ್ಲ್ಯು-2 ಇದ್ದರೆ ಮೊದಲು 12ನೇ ಬಾಕ್ಸ್ ಕೂಡಿಸಿ

2025ರಲ್ಲಿ ಒಬ್ಬ ನೌಕರ ತನ್ನ ಸಂಬಳದಿಂದ 401ಕೆಗೆ ಹಾಕಬಹುದಾದ ಗರಿಷ್ಠ ಮೊತ್ತ 23,500 ಡಾಲರ್. 50 ದಾಟಿದವರಿಗೆ ಇನ್ನೂ 7,500, ವರ್ಷದ ಕೊನೆಗೆ 60ರಿಂದ 63ರ ವಯಸ್ಸಿನಲ್ಲಿರುವವರಿಗೆ ಅದರ ಬದಲು 11,250 ಹೆಚ್ಚುವರಿ ಅವಕಾಶವಿದೆ. 2026ಕ್ಕೆ ಮೂಲ ಮಿತಿ 24,500ಕ್ಕೆ ಏರಿದೆ. ಕಂಪನಿ ತನ್ನ ಪಾಲಾಗಿ ಕೊಡುವ ಮ್ಯಾಚ್ ಈ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ.

ಗಮನಿಸಬೇಕಾದ್ದು ಇಲ್ಲಿದೆ: ಈ ಮಿತಿ ಕಂಪನಿಗಲ್ಲ, ವ್ಯಕ್ತಿಗೆ. ಒಂದೇ ಕಂಪನಿಯಲ್ಲಿ ಇಡೀ ವರ್ಷ ಇದ್ದವರ ಕಡಿತವನ್ನು ಪೇರೋಲ್‌ನವರು ಮಿತಿ ಮುಟ್ಟುತ್ತಲೇ ನಿಲ್ಲಿಸುತ್ತಾರೆ. ಜುಲೈನಲ್ಲಿ ಕೆಲಸ ಬದಲಿಸಿದರೆ ಹೊಸ ಕಂಪನಿಯ ಪೇರೋಲ್‌ಗೆ ನೀವು ಹಳೆಯ ಕಡೆ ಎಷ್ಟು ಹಾಕಿದ್ದೀರಿ ಎಂಬುದು ಗೊತ್ತೇ ಇರುವುದಿಲ್ಲ. ಅದು ಸೊನ್ನೆಯಿಂದ ಎಣಿಕೆ ಶುರುಮಾಡುತ್ತದೆ. ಕೆಲವು ಕಂಪನಿಗಳು ಹೊಸಬರನ್ನು ತಾವಾಗಿಯೇ 401ಕೆಗೆ ಸೇರಿಸಿಬಿಡುವುದೂ ಉಂಟು.

ಡಬ್ಲ್ಯು-2ರ 12ನೇ ಬಾಕ್ಸ್ ನಾಲ್ಕು ಚಿಕ್ಕ ಸಾಲುಗಳದ್ದು. ಪ್ರತಿ ಸಾಲಿನಲ್ಲಿ ಒಂದೋ ಎರಡೋ ಅಕ್ಷರದ ಕೋಡ್, ಪಕ್ಕದಲ್ಲಿ ಮೊತ್ತ. ‘ಡಿ’ ಎಂದರೆ ಸಾಮಾನ್ಯ 401ಕೆ, ‘ಎಎ’ ಎಂದರೆ ರಾತ್ 401ಕೆ. ವಿಶ್ವವಿದ್ಯಾಲಯ, ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರಿಗೆ 403ಬಿ ಇದ್ದರೆ ‘ಇ’ ಅಥವಾ ‘ಬಿಬಿ’. ನಿಮ್ಮ ಹೆಸರಿನ ಎಲ್ಲ ಡಬ್ಲ್ಯು-2ಗಳಲ್ಲಿ ಈ ಕೋಡ್‌ಗಳ ಮುಂದಿರುವ ಮೊತ್ತಗಳನ್ನು ಕೂಡಿಸಿ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಇಬ್ಬರದನ್ನೂ ಸೇರಿಸಬೇಡಿ; ಅವರವರ ಮಿತಿ ಅವರವರಿಗೆ.

ಒಂದು ಲೆಕ್ಕ ಹಾಕೋಣ. 38 ವರ್ಷದ ಎಂಜಿನಿಯರ್ ಹಳೆಯ ಕಂಪನಿಯಲ್ಲಿ 14,000, ಹೊಸದರಲ್ಲಿ 12,500 ಹಾಕಿದ್ದಾರೆ. ಒಟ್ಟು 26,500. ಮಿತಿಗಿಂತ 3,000 ಹೆಚ್ಚು. ಈಗ ಅವರು ಎರಡರಲ್ಲಿ ಯಾವುದಾದರೂ ಒಂದು ಕಂಪನಿಯ 401ಕೆ ಪ್ಲಾನ್‌ಗೆ ಪತ್ರ ಬರೆದು, 3,000 ಡಾಲರ್ ಮತ್ತು ಅದರ ಮೇಲಿನ ಗಳಿಕೆಯನ್ನು ವಾಪಸ್ ಕೊಡಲು ಕೇಳಬೇಕು. ಪತ್ರದಲ್ಲಿ ಹೆಚ್ಚೇನೂ ಬೇಡ: 2025ರಲ್ಲಿ ಎರಡು ಕಂಪನಿಗಳಲ್ಲಿ ನನ್ನ ಒಟ್ಟು ಕಡಿತ ಇಷ್ಟು, ಮಿತಿ ಇಷ್ಟು, ಹೆಚ್ಚಾದ ಇಷ್ಟನ್ನು ನಿಮ್ಮ ಪ್ಲಾನ್‌ಗೆ ಸೇರಿದ್ದೆಂದು ಪರಿಗಣಿಸಿ ಏಪ್ರಿಲ್ 15ರೊಳಗೆ ಹಿಂದಿರುಗಿಸಿ ಎಂದು ಬರೆದು, ಎರಡೂ ಡಬ್ಲ್ಯು-2 ಪ್ರತಿ ಲಗತ್ತಿಸಿ. ‘ನಮ್ಮಲ್ಲಿ ನೀವು ಮಿತಿ ಮೀರಿಲ್ಲವಲ್ಲ’ ಎಂಬ ಉತ್ತರ ಎಚ್‌ಆರ್ ಕಡೆಯಿಂದ ಬರಬಹುದು. ಆಗ ಗಟ್ಟಿಯಾಗಿ ಹೇಳಬೇಕಾದ ಮಾತು, ಇದು ಪ್ಲಾನ್‌ನ ಮಿತಿಯಲ್ಲ, ತೆರಿಗೆ ಕಾನೂನಿನ 402ಜಿ ಕಲಮಿನ ವೈಯಕ್ತಿಕ ಮಿತಿ ಎಂದು. ಆ ಸಂಖ್ಯೆ ಹೇಳಿದರೆ ಪ್ಲಾನ್ ನಡೆಸುವವರಿಗೆ ತಕ್ಷಣ ಅರ್ಥವಾಗುತ್ತದೆ.

ಯಾವ ಕಂಪನಿಯನ್ನು ಕೇಳುವುದು? ವಾಪಸ್ ಬರುವ ಹಣಕ್ಕೆ ಸಿಕ್ಕಿದ್ದ ಮ್ಯಾಚ್ ಕೈಬಿಟ್ಟು ಹೋಗಬಹುದು. ಆದ್ದರಿಂದ ಮ್ಯಾಚ್ ಕೊಡದ ಕಡೆಯಿಂದ, ಅಥವಾ ಮ್ಯಾಚ್ ಸಿಗುವ ಮಟ್ಟಕ್ಕಿಂತ ನೀವು ಹೆಚ್ಚು ಹಾಕಿದ್ದ ಕಡೆಯಿಂದ ತೆಗೆಯುವುದು ಜಾಣತನ. ಜೊತೆಗೆ, ಪ್ಲಾನ್‌ಗಳು ಇಂಥ ಅರ್ಜಿಗೆ ತಮ್ಮದೇ ಗಡುವು ಇಟ್ಟುಕೊಂಡಿರುತ್ತವೆ. ಮಾರ್ಚ್ 1 ಎಂದು ಇಟ್ಟಿರುವುದು ಸಾಮಾನ್ಯ. ಅದಕ್ಕೇ ಡಬ್ಲ್ಯು-2 ಕೈಗೆ ಬಂದ ವಾರವೇ ಕೂಡಿಸಿ ನೋಡಿ ಎನ್ನುವುದು.

ರಿಟರ್ನ್‌ನಲ್ಲಿ ಇದನ್ನು ತೋರಿಸುವ ಬಗೆಯಲ್ಲಿ ತುಂಬ ಜನ ಎಡವುತ್ತಾರೆ. ಡಬ್ಲ್ಯು-2ರ 1ನೇ ಬಾಕ್ಸ್‌ನ ಸಂಬಳದಿಂದ ಆ 3,000 ಆಗಲೇ ಕಳೆದುಹೋಗಿರುತ್ತದೆ. ಕಂಪನಿ ಅದಕ್ಕೆಂದು ಹೊಸ ಡಬ್ಲ್ಯು-2 ಕೊಡುವುದಿಲ್ಲ. ನೀವೇ 2025ರ ಫಾರ್ಮ್ 1040ರಲ್ಲಿ 1ಎಚ್ ಸಾಲಿಗೆ 3,000 ಸೇರಿಸಬೇಕು. ಗಳಿಕೆ 180 ಡಾಲರ್ ಇತ್ತು ಎನ್ನಿ. ಅದು ನಿಮ್ಮ ಕೈಗೆ ಬಂದದ್ದು 2026ರಲ್ಲಿ, ಹಾಗಾಗಿ ಅದರ ತೆರಿಗೆ 2026ರ ರಿಟರ್ನ್‌ಗೆ. ಅಂದರೆ ಅಸಲು ಒಂದು ವರ್ಷಕ್ಕೆ, ಗಳಿಕೆ ಇನ್ನೊಂದು ವರ್ಷಕ್ಕೆ. 2027ರ ಜನವರಿಯಲ್ಲಿ ಬರುವ 1099-ಆರ್ ಕಾಗದಗಳಲ್ಲಿ 7ನೇ ಬಾಕ್ಸ್‌ನಲ್ಲಿ ಅಸಲಿಗೆ ‘ಪಿ’, ಗಳಿಕೆಗೆ ‘8’ ಎಂಬ ಕೋಡ್ ಇರುತ್ತದೆ. ಅವಧಿಗೆ ಮುಂಚೆ ತೆಗೆದಿದ್ದಕ್ಕೆ ಹಾಕುವ ಶೇ. 10ರ ದಂಡ ಇಲ್ಲಿಲ್ಲ. ಹೆಚ್ಚಾದದ್ದು ರಾತ್ 401ಕೆಯಲ್ಲಾದರೆ ಅಸಲಿಗೆ ತೆರಿಗೆ ಆಗಲೇ ಕಟ್ಟಿರುವುದರಿಂದ 1ಎಚ್‌ಗೆ ಏನೂ ಸೇರಿಸಬೇಕಿಲ್ಲ.

ಏಪ್ರಿಲ್ 15 ದಾಟಿದರೆ? ಇಲ್ಲಿ ಕಾನೂನು ಕಠಿಣವಾಗಿದೆ. ರಿಟರ್ನ್‌ಗೆ ಅಕ್ಟೋಬರ್‌ವರೆಗೆ ಎಕ್ಸ್‌ಟೆನ್ಷನ್ ಪಡೆದರೂ 401ಕೆಯ ಈ ಗಡುವು ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ. 3,000ಕ್ಕೆ 2025ರಲ್ಲಿ ತೆರಿಗೆ ಕಟ್ಟಲೇಬೇಕು. ಮುಂದೆ ಅದೇ ಹಣ ಖಾತೆಯಿಂದ ಹೊರಬಂದಾಗ ಮತ್ತೆ ಪೂರ್ತಿ ತೆರಿಗೆ. ಮೊದಲು ಕಟ್ಟಿದ್ದೇನೆ ಎಂದರೆ ಕೇಳುವವರಿಲ್ಲ. ಶೇ. 24ರ ದರದಲ್ಲಿ ಇರುವವರಿಗೆ 720 ಡಾಲರ್ ಈಗ, ಹೆಚ್ಚುಕಡಿಮೆ ಅಷ್ಟೇ ಆಮೇಲೂ. ರಾತ್ 401ಕೆಯಲ್ಲಿ ಉಳಿದುಹೋದ ಹೆಚ್ಚುವರಿಗೂ ಇದೇ ಗತಿ, ಹೊರಬರುವಾಗ ಅದಕ್ಕೆ ತೆರಿಗೆ ಬೀಳುತ್ತದೆ.

ಇದರ ಜೊತೆ ಗೊಂದಲ ಮಾಡಿಕೊಳ್ಳಬಾರದ ಇನ್ನೊಂದು ಸಂಗತಿ ಇದೆ. ಕೆಲವರಿಗೆ ಮಾರ್ಚ್ ಸುಮಾರಿಗೆ ಕಂಪನಿಯ ಪ್ಲಾನ್ ತಾನಾಗಿಯೇ ಒಂದಿಷ್ಟು ಹಣ ವಾಪಸ್ ಕಳಿಸುತ್ತದೆ. ಹೆಚ್ಚು ಸಂಬಳದವರು ಮಾತ್ರ ತುಂಬ ಹಾಕಿ ಉಳಿದವರು ಕಡಿಮೆ ಹಾಕಿದ್ದರಿಂದ ಪ್ಲಾನ್ ತಾರತಮ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಿರುವುದಿಲ್ಲ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆ ಹಣಕ್ಕೆ ಅದು ಕೈಸೇರಿದ ವರ್ಷದಲ್ಲಿ ತೆರಿಗೆ, ಅಷ್ಟೇ.

ರಾತ್ ಐಆರ್‌ಎ: ಆದಾಯದ ಮಿತಿ ಎಂಬ ಹೊಂಚು

ಐಆರ್‌ಎ ನಾವೇ ಬ್ರೋಕರೇಜ್‌ನಲ್ಲಿ ತೆರೆಯುವ ಖಾತೆ. 2025ಕ್ಕೆ ಮಿತಿ 7,000 ಡಾಲರ್, 50 ದಾಟಿದವರಿಗೆ 8,000. 2026ಕ್ಕೆ 7,500 ಮತ್ತು 8,600. ಇದು ಟ್ರೆಡಿಷನಲ್ ಮತ್ತು ರಾತ್ ಎರಡಕ್ಕೂ ಸೇರಿ ಇರುವ ಮಿತಿ. ಎರಡು ಬ್ರೋಕರೇಜ್‌ಗಳಲ್ಲಿ ಒಂದೊಂದು ಖಾತೆ ಇಟ್ಟು ಎರಡಕ್ಕೂ 7,000 ಹಾಕಿದರೆ 7,000 ಪೂರ್ತಿ ಹೆಚ್ಚುವರಿ. ದುಡಿದ ಆದಾಯಕ್ಕಿಂತ ಹೆಚ್ಚು ಹಾಕುವಂತೆಯೂ ಇಲ್ಲ. ಮಗಳು ಬೇಸಿಗೆ ರಜೆಯಲ್ಲಿ ಈಜುಕೊಳದ ಲೈಫ್‌ಗಾರ್ಡ್ ಆಗಿ 2,000 ಡಾಲರ್ ದುಡಿದಳೆಂದು ಅಪ್ಪ ಅಮ್ಮ ಹೆಮ್ಮೆಯಿಂದ ಅವಳ ಹೆಸರಿನ ರಾತ್ ಐಆರ್‌ಎಗೆ 7,000 ಹಾಕಿದರೆ, 5,000 ಹೆಚ್ಚಾಯಿತು. ಆದರೆ ಎಚ್-4 ವೀಸಾದಲ್ಲಿದ್ದು ದುಡಿಯದ ಸಂಗಾತಿಯ ಐಆರ್‌ಎಗೆ ಜಂಟಿ ರಿಟರ್ನ್ ಸಲ್ಲಿಸುವವರು ಹಣ ಹಾಕಬಹುದು. ಅಲ್ಲಿ ದುಡಿಯುವವರ ಸಂಬಳವೇ ಲೆಕ್ಕಕ್ಕೆ ಬರುತ್ತದೆ.

ನಮ್ಮವರನ್ನು ಹೆಚ್ಚು ಕಾಡುವುದು ರಾತ್‌ನ ಆದಾಯ ಮಿತಿ. 2025ರಲ್ಲಿ ಒಂಟಿಯಾಗಿ ಸಲ್ಲಿಸುವವರಿಗೆ ಆದಾಯ 1,50,000 ದಾಟುತ್ತಲೇ ಅವಕಾಶ ಕುಗ್ಗುತ್ತಾ ಹೋಗಿ 1,65,000ಕ್ಕೆ ಪೂರ್ತಿ ನಿಲ್ಲುತ್ತದೆ. ಜಂಟಿಯಾಗಿ ಸಲ್ಲಿಸುವ ದಂಪತಿಗೆ ಈ ಅಂಕಿಗಳು 2,36,000 ಮತ್ತು 2,46,000. ಜನವರಿಯಲ್ಲಿ 7,000 ಹಾಕುವಾಗ ಸಂಬಳ ಮಿತಿಯೊಳಗೇ ಇರುತ್ತದೆ. ಆಮೇಲೆ ಬಡ್ತಿ, ಬೋನಸ್, ವೆಸ್ಟ್ ಆದ ಕಂಪನಿ ಷೇರು, ಮಾರಿದ ಷೇರಿನ ಲಾಭ ಒಂದೊಂದಾಗಿ ಸೇರುತ್ತವೆ. ಊರಿನ ಲೆಕ್ಕವನ್ನೂ ಮರೆಯಬಾರದು. ಅಮೆರಿಕದ ತೆರಿಗೆ ನಿವಾಸಿಗೆ ಜಗತ್ತಿನ ಎಲ್ಲ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಫ್ಲ್ಯಾಟ್‌ನ ಬಾಡಿಗೆ, ಬ್ಯಾಂಕಿನಲ್ಲಿಟ್ಟ ಎಫ್‌ಡಿಯ ಬಡ್ಡಿ ಎಲ್ಲವೂ ಸೇರುತ್ತವೆ. ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಎಂಬುದು ನಿಜ, ಅಮೆರಿಕದಲ್ಲಿ ಇದೆ. ಮಿತಿಯ ಅಂಚಿನಲ್ಲಿರುವವರನ್ನು ಆಚೆ ದಾಟಿಸಲು ಅಷ್ಟೇ ಸಾಕು.

ಮದುವೆಯ ವಿಷಯ ಬೇರೆಯಾಗಿ ಹೇಳಬೇಕು. ಡಿಸೆಂಬರ್ 31ರಂದು ನೀವು ವಿವಾಹಿತರಾಗಿದ್ದರೆ ತೆರಿಗೆಯ ಕಣ್ಣಿನಲ್ಲಿ ಇಡೀ ವರ್ಷ ವಿವಾಹಿತರು. ಮೈಸೂರಿನಲ್ಲಿ ಡಿಸೆಂಬರ್ ಮೊದಲ ವಾರ ಮದುವೆ, ಹೆಂಡತಿಯ ವೀಸಾ ಇನ್ನೂ ಬಂದಿಲ್ಲ, ಗಂಡ ಒಬ್ಬನೇ ವಾಪಸ್ ಬಂದು ‘ವಿವಾಹಿತ, ಪ್ರತ್ಯೇಕ ಸಲ್ಲಿಕೆ’ ಎಂದು ರಿಟರ್ನ್ ಹಾಕಿದ ಎನ್ನೋಣ. ಆ ವರ್ಷದಲ್ಲಿ ಯಾವಾಗಲಾದರೂ ಇಬ್ಬರೂ ಜೊತೆಗೆ ವಾಸವಿದ್ದರೆ ಅವನ ರಾತ್ ಆದಾಯ ಮಿತಿ ಕೇವಲ 10,000 ಡಾಲರ್. ಹಾಕಿದ ಅಷ್ಟೂ ಹಣ ಹೆಚ್ಚುವರಿಯಾಯಿತು! ಸಂಗಾತಿಯನ್ನು ತೆರಿಗೆ ನಿವಾಸಿಯೆಂದು ಪರಿಗಣಿಸುವಂತೆ ಇಬ್ಬರೂ ಸಹಿ ಮಾಡಿ ಜಂಟಿ ರಿಟರ್ನ್ ಸಲ್ಲಿಸುವ ಆಯ್ಕೆ ಇದೆ. ಆಗ ಸಂಗಾತಿಯ ಭಾರತದ ಆದಾಯವನ್ನೂ ತೋರಿಸಬೇಕಾಗುತ್ತದೆ. ಬಹಳ ಕಡೆ ಅದೇ ಲಾಭದಾಯಕ, ಆದರೂ ಎರಡೂ ಬಗೆಯಲ್ಲಿ ಲೆಕ್ಕ ಹಾಕಿ ನೋಡಿ.

ಈಗ ಎಷ್ಟು ಹೆಚ್ಚಾಗಿದೆ ಎಂಬ ಲೆಕ್ಕ. ಒಂಟಿಯಾಗಿ ಸಲ್ಲಿಸುವವರೊಬ್ಬರ 2025ರ ಆದಾಯ 1,60,000 ಆಯಿತು, 7,000 ಹಾಕಿದ್ದಾರೆ. 15,000ದ ಅಂತರದಲ್ಲಿ ಅವರು 10,000 ಒಳಗೆ ಬಂದಿದ್ದಾರೆ, ಅಂದರೆ ಮೂರರಲ್ಲಿ ಎರಡು ಪಾಲು ಅವಕಾಶ ಹೋಯಿತು. ಉಳಿದದ್ದು 2,333; ಅದನ್ನು ಮೇಲಿನ ಹತ್ತಕ್ಕೆ ಏರಿಸಿ 2,340 ಎಂದು ತೆಗೆದುಕೊಳ್ಳಬೇಕು. ಹೆಚ್ಚುವರಿ 4,660 ಡಾಲರ್.

ಸರಿಪಡಿಸಲು ಎರಡು ದಾರಿಗಳಿವೆ. ಮೊದಲನೆಯದು ಹಣವನ್ನು ಗಳಿಕೆಯ ಸಮೇತ ವಾಪಸ್ ತೆಗೆಯುವುದು. ಗಡುವು ರಿಟರ್ನ್‌ನ ಗಡುವೇ, ಎಕ್ಸ್‌ಟೆನ್ಷನ್ ಪಡೆದರೆ ಅಕ್ಟೋಬರ್ 15. ಎಕ್ಸ್‌ಟೆನ್ಷನ್ ಕೇಳದೆ ಏಪ್ರಿಲ್ 15ರೊಳಗೇ ರಿಟರ್ನ್ ಸಲ್ಲಿಸಿದವರಿಗೂ ಆರು ತಿಂಗಳ ಅವಕಾಶವಿದೆ. ಅಂಥವರು ಅಕ್ಟೋಬರ್ 15ರೊಳಗೆ ಹಣ ತೆಗೆದು, 1040-ಎಕ್ಸ್ ಎಂಬ ತಿದ್ದುಪಡಿ ರಿಟರ್ನ್ ಹಾಕಿ, ಅದರ ತಲೆಯಲ್ಲಿ 301.9100-2 ನಿಯಮದಂತೆ ಸಲ್ಲಿಸಿದ್ದೆಂದು ಬರೆಯಬೇಕು. ಏಪ್ರಿಲ್ 15ರೊಳಗೆ ಸಮಯಕ್ಕೆ ಸರಿಯಾಗಿ ಸಲ್ಲಿಸಿದ್ದೇ ಇಲ್ಲಿ ಅರ್ಹತೆ. ತಡವಾಗಿ ಸಲ್ಲಿಸಿದವರಿಗೆ ಈ ಬಾಗಿಲು ಮುಚ್ಚಿರುತ್ತದೆ.

ಬ್ರೋಕರೇಜ್‌ನ ವೆಬ್‌ಸೈಟಿನಲ್ಲಿ ‘ವಿತ್‌ಡ್ರಾ’ ಬಟನ್ ಒತ್ತಿ 4,660 ಎಳೆದುಕೊಂಡರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಈ ಇಡೀ ಲೇಖನದಲ್ಲಿ ನಾನು ಒತ್ತಿ ಹೇಳುವ ಮಾತು ಇದು. ಹಾಗೆ ತೆಗೆದದ್ದು ಮಾಮೂಲಿ ಹಣ ತೆಗೆತವೆಂದು ದಾಖಲಾಗುತ್ತದೆ, ಗಳಿಕೆ ಅದರ ಜೊತೆ ಬಂದಿರುವುದಿಲ್ಲ, ಐಆರ್‌ಎಸ್‌ಗೆ ಹೋಗುವ ಕೋಡ್ ಬೇರೆಯಾಗಿರುತ್ತದೆ. ಕೇಳಬೇಕಾದ್ದು ‘ರಿಟರ್ನ್ ಆಫ್ ಎಕ್ಸೆಸ್ ಕಾಂಟ್ರಿಬ್ಯೂಷನ್’ ಫಾರ್ಮ್. ಕೆಲವು ಕಡೆ ಅದನ್ನು ‘ರಿಮೂವಲ್ ಆಫ್ ಎಕ್ಸೆಸ್’ ಎನ್ನುತ್ತಾರೆ. ಅದರಲ್ಲಿ ಹಣ ಯಾವ ತೆರಿಗೆ ವರ್ಷಕ್ಕೆ ಹಾಕಿದ್ದು, ಯಾವ ದಿನ ಹಾಕಿದ್ದು, ಎಷ್ಟು ಹೆಚ್ಚು, ಗಡುವಿನ ಮುಂಚೆಯೋ ನಂತರವೋ ಎಂದು ಕೇಳುತ್ತಾರೆ. ಗಳಿಕೆಯನ್ನು ತಾವು ಲೆಕ್ಕ ಹಾಕುವುದೋ ನೀವು ಹಾಕಿದ್ದೀರೋ ಎಂಬ ಪ್ರಶ್ನೆಗೆ ತಾವೇ ಹಾಕಲಿ ಎಂದು ಗುರುತು ಮಾಡಿ. ತೆರಿಗೆ ಹಿಡಿಯಬೇಕೇ ಎಂಬಲ್ಲಿ ಬೇಡ ಎನ್ನದಿದ್ದರೆ ಶೇ. 10 ಕತ್ತರಿಸಿಕೊಳ್ಳಬಹುದು. ಹಣವೆಲ್ಲ ಫಂಡ್‌ನಲ್ಲಿದ್ದರೆ ಸಾಕಷ್ಟು ಮಾರಿ ನಗದು ಮಾಡಿಟ್ಟುಕೊಂಡಿರಿ, ಇಲ್ಲದಿದ್ದರೆ ಅರ್ಜಿ ತಿರಸ್ಕಾರವಾಗಿ ಗಡುವು ಕೈತಪ್ಪಬಹುದು.

ಗಳಿಕೆಯ ಲೆಕ್ಕ ಹೇಗೆಂದು ತಿಳಿದಿರುವುದು ಒಳ್ಳೆಯದು, ಬ್ರೋಕರೇಜ್ ಕೊಟ್ಟ ಅಂಕಿ ಸರಿಯೇ ಎಂದು ನೋಡಬಹುದು. ಹೆಚ್ಚುವರಿ ಹಣದಿಂದ ನೀವು ಯಾವ ಫಂಡ್ ಕೊಂಡಿರಿ ಎಂಬುದು ಇಲ್ಲಿ ಮುಖ್ಯವಲ್ಲ. ಆ ಐಆರ್‌ಎ ಖಾತೆ ಒಟ್ಟಾರೆ ಎಷ್ಟು ಬೆಳೆಯಿತು ಎಂಬುದಷ್ಟೇ ಮುಖ್ಯ. ಹಾಕುವ ಮುಂಚೆ ಖಾತೆಯಲ್ಲಿ 20,000 ಇತ್ತು, 7,000 ಸೇರಿ 27,000 ಆಯಿತು. ತೆಗೆಯುವ ಹೊತ್ತಿಗೆ ಅದು 29,700. ಬೆಳೆದದ್ದು ಶೇ. 10. ಹಾಗಾದರೆ 4,660ಕ್ಕೆ ಗಳಿಕೆ 466, ಒಟ್ಟು ತೆಗೆಯಬೇಕಾದ್ದು 5,126. ಮಾರುಕಟ್ಟೆ ಬಿದ್ದು ಖಾತೆ ಕರಗಿದ್ದರೆ 4,660ಕ್ಕಿಂತ ಕಡಿಮೆ ತೆಗೆದರೂ ಸಾಕು. ತೆರಿಗೆ ಬೀಳುವುದು 466ರ ಮೇಲೆ ಮಾತ್ರ, ಶೇ. 24ರ ದರದಲ್ಲಿ ಸುಮಾರು 112 ಡಾಲರ್. ಹಿಂದೆ ಈ ಗಳಿಕೆಗೆ ಶೇ. 10ರ ದಂಡವೂ ಬೀಳುತ್ತಿತ್ತು. 2022ರ ಡಿಸೆಂಬರ್‌ನಲ್ಲಿ ಬಂದ ಸೆಕ್ಯೂರ್ 2.0 ಕಾಯ್ದೆ ಅದನ್ನು ತೆಗೆದುಹಾಕಿದೆ. ಹಳೆಯ ಲೇಖನಗಳನ್ನು ಓದಿ ಈಗಲೂ ಆ ದಂಡ ಕಟ್ಟುವವರಿದ್ದಾರೆ, ನೀವು ಕಟ್ಟಬೇಡಿ.

ಈ 466ಕ್ಕೆ ಯಾವ ವರ್ಷದ ತೆರಿಗೆ? 401ಕೆಗೆ ತದ್ವಿರುದ್ಧ. ಇಲ್ಲಿ ಗಳಿಕೆಗೆ ತೆರಿಗೆ ಹಣ ಹಾಕಿದ ವರ್ಷಕ್ಕೆ. 2025ರ ಜನವರಿಯಲ್ಲಿ ಹಾಕಿ 2026ರ ಮಾರ್ಚ್‌ನಲ್ಲಿ ತೆಗೆದರೆ 2025ರ ರಿಟರ್ನ್‌ನಲ್ಲೇ ತೋರಿಸಬೇಕು. ಆದರೆ ಆ ತೆಗೆತದ 1099-ಆರ್ ಕಾಗದ ನಿಮ್ಮ ಕೈಗೆ ಬರುವುದು 2027ರ ಜನವರಿಯಲ್ಲಿ. ಅದರ 7ನೇ ಬಾಕ್ಸ್‌ನಲ್ಲಿ ‘ಜೆಪಿ’ ಎಂದಿರುತ್ತದೆ: ‘ಜೆ’ ಎಂದರೆ ರಾತ್‌ನಿಂದ ಅವಧಿಗೆ ಮುಂಚೆ ತೆಗೆದದ್ದು, ‘ಪಿ’ ಎಂದರೆ ತೆರಿಗೆ ಹಿಂದಿನ ವರ್ಷದ್ದು. ಅಷ್ಟರವರೆಗೆ ಕಾಯಬೇಡಿ. ಬ್ರೋಕರೇಜ್ ಕೊಟ್ಟ ವಿವರ ಇಟ್ಟುಕೊಂಡು ಈಗಲೇ 1040ರ ಐಆರ್‌ಎ ಸಾಲುಗಳಲ್ಲಿ ಒಟ್ಟು 5,126, ತೆರಿಗೆಗೆ ಒಳಪಡುವುದು 466 ಎಂದು ತುಂಬಿ, ಏನಾಯಿತೆಂದು ನಾಲ್ಕು ಸಾಲಿನ ವಿವರಣೆ ಲಗತ್ತಿಸಿ. 2025ರ ಲೆಕ್ಕಕ್ಕೆಂದು 2026ರ ಫೆಬ್ರವರಿಯಲ್ಲಿ ಹಾಕಿ ಮಾರ್ಚ್‌ನಲ್ಲಿ ತೆಗೆದವರಿಗೆ ಮಾತ್ರ ಗಳಿಕೆಯ ತೆರಿಗೆ 2026ಕ್ಕೆ ಹೋಗುತ್ತದೆ.

ಎರಡನೆಯ ದಾರಿ ‘ರೀಕ್ಯಾರೆಕ್ಟರೈಸೇಷನ್’. ರಾತ್‌ಗೆ ಹಾಕಿದ್ದನ್ನು ಮೊದಲಿನಿಂದಲೂ ಟ್ರೆಡಿಷನಲ್ ಐಆರ್‌ಎಗೆ ಹಾಕಿದಂತೆ ಬದಲಿಸುವುದು. ಟ್ರೆಡಿಷನಲ್‌ಗೆ ಹಣ ಹಾಕಲು ಆದಾಯದ ಮಿತಿ ಇಲ್ಲದ್ದರಿಂದ ಇದು ಸಾಧ್ಯ. ಅಸಲು, ಗಳಿಕೆ ಎರಡೂ ಒಂದು ಖಾತೆಯಿಂದ ಇನ್ನೊಂದಕ್ಕೆ ನೇರ ಹೋಗುತ್ತವೆ. ಈಗ ಯಾವ ತೆರಿಗೆಯೂ ಇಲ್ಲ, ಹಣವೂ ನಿವೃತ್ತಿ ಖಾತೆಯಲ್ಲೇ ಉಳಿಯುತ್ತದೆ. ಗಡುವು ಮೇಲಿನದ್ದೇ. ಒಟ್ಟು ಮಿತಿಯಾದ 7,000ವನ್ನೇ ದಾಟಿದವರಿಗೆ ಇದು ಉಪಯೋಗವಿಲ್ಲ, ಮಿತಿ ಎರಡಕ್ಕೂ ಒಂದೇ ಅಲ್ಲವೇ.

ಬೇರೆ ಟ್ರೆಡಿಷನಲ್ ಐಆರ್‌ಎ ಇಲ್ಲದವರಿಗೆ ಈ ಎರಡನೆಯದೇ ಉತ್ತಮ ಎಂಬುದು ನನ್ನ ಅಭಿಪ್ರಾಯ. ಕಂಪನಿಯ 401ಕೆ ಇದ್ದು ಆದಾಯ ಇಷ್ಟಿದ್ದರೆ ಟ್ರೆಡಿಷನಲ್‌ಗೆ ಹಾಕಿದ್ದಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ ನಿಜ. ಆದರೆ ಆಮೇಲೆ ಅದನ್ನು ರಾತ್‌ಗೆ ಕನ್ವರ್ಟ್ ಮಾಡಿಕೊಳ್ಳಬಹುದು, ನಮ್ಮವರು ‘ಬ್ಯಾಕ್‌ಡೋರ್ ರಾತ್’ ಎನ್ನುವುದು ಇದನ್ನೇ. ಕನ್ವರ್ಟ್ ಆಗುವಾಗ ಗಳಿಕೆಯ ಭಾಗಕ್ಕೆ ತೆರಿಗೆ ಬೀಳುತ್ತದೆ. ಇದಕ್ಕೆ ಫಾರ್ಮ್ 8606 ಕಡ್ಡಾಯ. ತೆರಿಗೆ ಕಟ್ಟಿದ ಹಣ ಇಷ್ಟು ಈ ಖಾತೆಯಲ್ಲಿದೆ ಎಂಬುದಕ್ಕೆ ಅದೊಂದೇ ಸಾಕ್ಷಿ. ಅದನ್ನು ಬಿಟ್ಟರೆ ಮುಂದೊಂದು ದಿನ ಅದೇ ಹಣಕ್ಕೆ ಮತ್ತೆ ತೆರಿಗೆ ಕಟ್ಟುವ ಪಾಡು. ಹಳೆಯ ಕಂಪನಿಯ 401ಕೆಯನ್ನು ಟ್ರೆಡಿಷನಲ್ ಐಆರ್‌ಎಗೆ ವರ್ಗಾಯಿಸಿಕೊಂಡವರು ಮಾತ್ರ ಹುಷಾರಾಗಿರಬೇಕು. ಕನ್ವರ್ಟ್ ಮಾಡುವಾಗ ಎಲ್ಲ ಟ್ರೆಡಿಷನಲ್ ಐಆರ್‌ಎಗಳನ್ನೂ ಒಂದೇ ಗುಡ್ಡೆಯೆಂದು ಪರಿಗಣಿಸಿ ಅನುಪಾತದಂತೆ ತೆರಿಗೆ ಹಾಕುತ್ತಾರೆ. ಅಂಥವರಿಗೆ ಮೊದಲ ದಾರಿಯೇ ಸರಳ. ಇನ್ನೊಂದು: ಕನ್ವರ್ಷನ್ ಒಮ್ಮೆ ಆದರೆ ಆಯಿತು, 2018ರಿಂದ ಅದನ್ನು ಹಿಂದಕ್ಕೆ ತಿರುಗಿಸುವಂತಿಲ್ಲ.

ಅಕ್ಟೋಬರ್ 15 ದಾಟಿದ ಮೇಲೆ

ಈಗ ಶೇ. 6ರ ಸುಂಕ ಬಂತು. ಫಾರ್ಮ್ 5329ರಲ್ಲಿ ತೋರಿಸಿ ಕಟ್ಟಬೇಕು. ಟ್ರೆಡಿಷನಲ್‌ಗೆ ಅದರ ಮೂರನೆಯ ಭಾಗ, ರಾತ್‌ಗೆ ನಾಲ್ಕನೆಯದು. 4,660ಕ್ಕೆ 279.60 ಡಾಲರ್. ಇದು ಒಂದೇ ಸಲದ್ದಲ್ಲ. ಹೆಚ್ಚುವರಿ ಹಣ ಖಾತೆಯಲ್ಲಿ ಇರುವ ಪ್ರತಿ ಡಿಸೆಂಬರ್ 31ಕ್ಕೂ ಮತ್ತೆ ಶೇ. 6. ಐದು ವರ್ಷ ಗಮನಿಸದೆ ಬಿಟ್ಟರೆ ಸುಮಾರು 1,400 ಡಾಲರ್ ಆಗುತ್ತದೆ.

ನಿಲ್ಲಿಸಲು ಮತ್ತೆ ಎರಡು ಉಪಾಯ. ಆ ವರ್ಷದ ಡಿಸೆಂಬರ್ 31ರೊಳಗೆ 4,660 ತೆಗೆಯಿರಿ. ಗಡುವು ದಾಟಿದ ಮೇಲೆ ಗಳಿಕೆಯನ್ನು ತೆಗೆಯಬೇಕಿಲ್ಲ, ಅದು ಖಾತೆಯಲ್ಲೇ ಇರಬಹುದು. ಅಥವಾ ಮರುವರ್ಷ ನಿಮಗೆ ರಾತ್‌ಗೆ ಅರ್ಹತೆ ಇದ್ದರೆ ಹೆಚ್ಚುವರಿಯನ್ನು ಆ ವರ್ಷದ ಮಿತಿಯೊಳಗೆ ಸೇರಿಸಿಕೊಳ್ಳಿ. 2026ರ ಮಿತಿ 7,500. ಅದರಲ್ಲಿ 4,660 ಹಳೆಯದು ತುಂಬಿಕೊಂಡಿತು, ಹೊಸದಾಗಿ 2,840 ಮಾತ್ರ ಹಾಕಿ. 2025ರ ಶೇ. 6 ಕಟ್ಟಬೇಕು, 2026ರಿಂದ ಮುಂದಕ್ಕಿಲ್ಲ. ಹೆಚ್ಚಾದದ್ದು 200 ಡಾಲರ್‌ನಂಥ ಸಣ್ಣ ಮೊತ್ತವಾಗಿದ್ದು ಮರುವರ್ಷ ಖಂಡಿತ ಅರ್ಹತೆ ಇರುವುದಾದರೆ, ಗಳಿಕೆಯ ಲೆಕ್ಕ, ಅರ್ಜಿ, ತಿದ್ದುಪಡಿ ಎಂದು ಅಲೆಯುವ ಬದಲು 12 ಡಾಲರ್ ಕಟ್ಟಿ ಹೀಗೆ ಮುಗಿಸುವುದರಲ್ಲಿ ತಪ್ಪೇನಿಲ್ಲ.

ಐಆರ್‌ಎಸ್‌ಗೆ ಗೊತ್ತಾಗುವುದಿಲ್ಲ ಎಂದು ಸುಮ್ಮನಿರುವುದು ಬೇಡ. ಮೇ ತಿಂಗಳಲ್ಲಿ ಬ್ರೋಕರೇಜ್ ಫಾರ್ಮ್ 5498 ಕಳಿಸುತ್ತದೆ. ಅದರ 1ನೇ ಬಾಕ್ಸ್‌ನಲ್ಲಿ ಟ್ರೆಡಿಷನಲ್‌ಗೆ, 10ನೇ ಬಾಕ್ಸ್‌ನಲ್ಲಿ ರಾತ್‌ಗೆ ನೀವು ಹಾಕಿದ ಮೊತ್ತ ಇರುತ್ತದೆ. ಅದರ ಪ್ರತಿ ಐಆರ್‌ಎಸ್‌ಗೂ ಹೋಗುತ್ತದೆ. ರಿಟರ್ನ್ ಸಲ್ಲಿಸಿ ಆದ ಮೇಲೆ ಬರುವ ಕಾಗದವೆಂದು ಅದನ್ನು ಡ್ರಾಯರ್‌ಗೆ ತಳ್ಳದೆ, 1040ರಲ್ಲಿನ ಆದಾಯದ ಪಕ್ಕದಲ್ಲಿಟ್ಟು ಒಮ್ಮೆ ನೋಡಿ. ಅಕ್ಟೋಬರ್‌ವರೆಗೆ ಸಮಯ ಇದ್ದೇ ಇರುತ್ತದೆ. ಎಷ್ಟೋ ವರ್ಷ ಹಿಂದಿನ ತಪ್ಪು ಈಗ ಕಣ್ಣಿಗೆ ಬಿದ್ದರೆ ಆಯಾ ವರ್ಷದ 5329 ಫಾರ್ಮ್‌ಗಳನ್ನು ಬೇರೆ ಬೇರೆ ತುಂಬಿ ಕಳಿಸಬಹುದು, ಇಡೀ ರಿಟರ್ನ್ ಬದಲಿಸಬೇಕೆಂದಿಲ್ಲ.

ಊರಿಗೆ ಮರಳಿದವರಿಗೆ

ಅಮೆರಿಕ ಬಿಟ್ಟು ಬೆಂಗಳೂರಿಗೋ ಹುಬ್ಬಳ್ಳಿಗೋ ಬಂದು ನೆಲೆಸಿದವರಲ್ಲಿ ಈ ತೊಡಕು ಸದ್ದಿಲ್ಲದೆ ಬೆಳೆಯುತ್ತದೆ. ತಿಂಗಳಿಗೆ ಇಷ್ಟೆಂದು ಅಮೆರಿಕದ ಬ್ಯಾಂಕ್ ಖಾತೆಯಿಂದ ರಾತ್ ಐಆರ್‌ಎಗೆ ತಾನಾಗಿ ಹೋಗುವ ವ್ಯವಸ್ಥೆಯನ್ನು ನಿಲ್ಲಿಸುವುದು ಹೊರಡುವ ಗಡಿಬಿಡಿಯಲ್ಲಿ ಮರೆತುಹೋಗಿರುತ್ತದೆ. ಹೊರಟ ವರ್ಷ ಸಂಬಳ ಬಂದಿದ್ದರಿಂದ ಅಷ್ಟರಮಟ್ಟಿಗೆ ತೊಂದರೆ ಇಲ್ಲ. ಮರುವರ್ಷದಿಂದ ಅಮೆರಿಕದ ತೆರಿಗೆಗೆ ಒಳಪಡುವ ದುಡಿಮೆಯ ಆದಾಯವೇ ಇಲ್ಲ, ಹಾಗಾಗಿ ಹೋಗುತ್ತಿರುವ ಪ್ರತಿ ಡಾಲರ್ ಹೆಚ್ಚುವರಿ. ಬಡ್ಡಿ, ಡಿವಿಡೆಂಡ್, ಬಾಡಿಗೆ ಇದ್ದರೂ ಅವು ದುಡಿಮೆಯ ಆದಾಯವಲ್ಲ.

ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇಟ್ಟುಕೊಂಡು ಇಲ್ಲಿ ಕೆಲಸ ಮಾಡುವವರ ವಿಷಯ ಇನ್ನಷ್ಟು ಸೂಕ್ಷ್ಮ. ಅವರು ಬೆಂಗಳೂರಿನ ಸಂಬಳವನ್ನೂ ಅಮೆರಿಕದ ರಿಟರ್ನ್‌ನಲ್ಲಿ ತೋರಿಸಬೇಕು. ಫಾರ್ಮ್ 2555 ಹಾಕಿ ವಿದೇಶಿ ದುಡಿಮೆಯ ಆದಾಯವೆಂದು ಅದನ್ನು ಪೂರ್ತಿ ಹೊರಗಿಟ್ಟರೆ, ಐಆರ್‌ಎಗೆ ಹಣ ಹಾಕಲು ಅರ್ಹ ಆದಾಯ ಸೊನ್ನೆ. ಅದರ ಬದಲು ಫಾರ್ಮ್ 1116 ಹಾಕಿ, ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ದಾರಿ ಹಿಡಿದರೆ ಅದೇ ಸಂಬಳ ಐಆರ್‌ಎಗೆ ಲೆಕ್ಕಕ್ಕೆ ಸಿಗುತ್ತದೆ. ಭಾರತದ ತೆರಿಗೆ ದರ ಹೆಚ್ಚಿರುವ ಸಂಬಳದವರಿಗೆ 1116 ಸಾಮಾನ್ಯವಾಗಿ ಅಷ್ಟೇ ಅನುಕೂಲ ಕೊಡುತ್ತದೆ. ಆದ್ದರಿಂದ ಐಆರ್‌ಎ ಮುಂದುವರಿಸುವ ಆಸೆ ಇರುವವರು 2555ಕ್ಕೆ ಕೈಹಾಕುವ ಮುಂಚೆಯೇ ಎರಡೂ ದೇಶಗಳ ತೆರಿಗೆ ಬಲ್ಲ ಸಿಎ ಅಥವಾ ಸಿಪಿಎ ಜೊತೆ ಕೂತು ಈ ಒಂದು ಪ್ರಶ್ನೆ ಕೇಳಬೇಕು. ಒಮ್ಮೆ 2555 ಆಯ್ಕೆ ಮಾಡಿ ಆಮೇಲೆ ಹಿಂತೆಗೆದುಕೊಂಡರೆ, ಐಆರ್‌ಎಸ್ ಅನುಮತಿ ಇಲ್ಲದೆ ಮುಂದಿನ ಐದು ತೆರಿಗೆ ವರ್ಷ ಅದನ್ನು ಮತ್ತೆ ಆರಿಸಿಕೊಳ್ಳುವಂತಿಲ್ಲ.